ಸೊನ್ನೆಯ ತುದಿ

ಮೇ ತಿಂಗಳಲ್ಲಿ ಹಿಮಗಡ್ಡೆ ಒಡೆದು ಕರಗಿದ ಮೇಲೆ
ಅಂಗಾರಾ ನದಿಯ ಕಟ್ಟೆನೀರಿನ ಬಲದಂಡೆಗೆ
ವರ್ಷಕ್ಕೊಮ್ಮೆ ಬರುತ್ತೇನೆ:
ಐವತ್ತು ಮೀಟರಿನ ಟೇಪು, ಸುತ್ತಿಗೆ,
ಹಸಿರು ರಟ್ಟಿನ ಪುಸ್ತಕ, ಸೊಳ್ಳೆಗೆ ಹಚ್ಚುವ ಎಣ್ಣೆ.

ಊರಿನ ಹೆಸರು ಹೊಸ ತಾಲ್ಯಾ.
ಹಳೆಯ ತಾಲ್ಯಾ ನೀರಿನಡಿ, ಬಾವಿಗಳ ಸಮೇತ.
ಅರವತ್ತು ವರ್ಷವಾದರೂ ಹೊಸದು ಹೊಸದೇ,
ಎರಡನೇ ಹೆಂಡತಿ ಮುದುಕಿಯಾದರೂ
ಹೊಸಬಳೇ ಅನ್ನಿಸಿಕೊಳ್ಳುವ ಹಾಗೆ.

ಟೇಪಿನ ಸೊನ್ನೆಯ ತುದಿ ಹಿಡಿಯುವವಳು
ಅಂಚೆ ಹಂಚುವ ಲುಕೇರ್ಯಾ.
ಅವಳ ಹಿತ್ತಲ ಉಗಿಮನೆಯ ಮೂಲೆಗೆ ಬಡಿದ ಗೂಟ
ನಮ್ಮ ಆರಂಭ, ಗುರುತು ಏಳು.
ಅಲ್ಲಿಂದ ಅಂಚಿನತ್ತ ನಡೆದು,
ಕೊನೆಯ ಎರಡು ಮಾರು ಹೊಟ್ಟೆಯ ಮೇಲೆ ತೆವಳಿ,
ಜೋತ ಹುಲ್ಲುಬೇರು ಮುಗಿದು ಗಾಳಿ ಶುರುವಾಗುವಲ್ಲಿ
ಓದುತ್ತೇನೆ.

ಮೊದಲ ಸಲ ಮೂವತ್ತೊಂದು ಮೀಟರು.
ಆಮೇಲೆ ಇಪ್ಪತ್ತಾರು.
ನೀರು ಇಳಿದಿದ್ದ ಎರಡು ವರ್ಷ ದಂಡೆ ಅಲ್ಲಾಡಲಿಲ್ಲ,
ಲುಕೇರ್ಯಾ ಆಲೂಗಡ್ಡೆಯ ಸಾಲು ಮುಂದಕ್ಕೊತ್ತಿದಳು.
ಮರುವರ್ಷ ತುಂಬಿದ ನೀರು, ವಾಯವ್ಯದ ಗಾಳಿ,
ಒಂದೇ ಶರತ್ಕಾಲಕ್ಕೆ ಹನ್ನೊಂದು ಹೋಯಿತು.
ಹೋದ ಸಲ ಉಳಿದದ್ದು ನಾಲ್ಕು.

"ಟೇಪು ಸಡಿಲ ಬಿಟ್ಟಿದ್ದೀಯ, ಎಳೆ" ಅನ್ನುತ್ತೇನೆ.
"ಎಳೆದೇ ಇದ್ದೀನಲ್ಲ" ಅನ್ನುತ್ತಾಳೆ
ಗೂಟದಿಂದ ಒಂದು ಗೇಣು ಹಿಂದೆ ನಿಂತು.
ಪ್ರತಿ ವರ್ಷವೂ ಅದೇ ಗೇಣು.
ಪುಸ್ತಕದಲ್ಲಿ ಕಳೆದು ಬರೆಯುತ್ತೇನೆ,
ಅವಳಿಗೆ ಕಳೆಯದೆ ಓದಿ ಹೇಳುತ್ತೇನೆ.

ದಂಡೆಬೀದಿಯ ಒಂದು, ಮೂರು, ಐದು ಹೋದವು.
ಬಿರುಕು ಕಂಡ ವಾರವೇ ಜನ
ಬಾಗಿಲು ಕಿಟಕಿ ಕಳಚಿಕೊಂಡು ಹೊರಟರು.
ಕಾಗದಗಳು ಮಾತ್ರ ಇನ್ನೂ ಬರುತ್ತವೆ:
ಮೂರನೇ ನಂಬರಿಗೆ ಕರೆಂಟಿನ ಬಿಲ್ಲು,
ಐದರ ಜಖಾರ್ ಪ್ಲತೋನವಿಚ್‌ಗೆ
ಸೈನ್ಯದ ಹಳೆ ಗೆಳೆಯನ ಹುಟ್ಟುಹಬ್ಬದ ಶುಭಾಶಯ.
ಲುಕೇರ್ಯಾ ಅಂಚಿಗೆ ಹೋಗಿ, ಕೆಳಗೆ ನೋಡಿ,
ಲಕೋಟೆಯ ಮೇಲೆ ಬರೆಯುತ್ತಾಳೆ: ಮನೆ ಇಲ್ಲ.
ಮನುಷ್ಯ ಇಲ್ಲ ಅಂತಲ್ಲ. ಅದರಲ್ಲಿ ಅವಳು ಬಹಳ ಖಡಕ್ಕು.

ನಮ್ಮ ಕಚೇರಿಯ ಭಾಷೆಯಲ್ಲಿ ಇದು ದಂಡೆಯ ಮರುರಚನೆ.
ನೀರು ಕಚ್ಚುವುದಿಲ್ಲ; ನೆಕ್ಕುತ್ತದೆ,
ಬುಡ ನೆಕ್ಕಿ ನೆಕ್ಕಿ ಪೊಟರೆ ಮಾಡಿ ಸುಮ್ಮನಾಗುತ್ತದೆ.
ಉಳಿದದ್ದನ್ನು ನೆಲವೇ ಮಾಡಿಕೊಳ್ಳುತ್ತದೆ, ತನ್ನ ಭಾರಕ್ಕೆ.
ಹೊಸದಾಗಿ ಸೀಳಿದ ಹಸಿ ಗೋಡೆಯಲ್ಲಿ
ಕವಲುಬಾಲದ ಹಕ್ಕಿಗಳು ನೂರಾರು ತೂತು ಕೊರೆದು
ಮೊಟ್ಟೆಯಿಡುತ್ತವೆ. ಕುಸಿಯದ ದಂಡೆ ಅವಕ್ಕೆ ಬೇಡ.

ಈ ಸಲ ಬಂದರೆ ಉಗಿಮನೆ ಇಲ್ಲ.
ಅಕ್ಟೋಬರಿನ ಒಂದು ರಾತ್ರಿಯಂತೆ.
"ಸದ್ದೇನಿಲ್ಲ, ನಾಯಿ ಎದ್ದು ಕೂತಿತು, ಅಷ್ಟೆ."
ಒಂದು ಬರ್ಚ್ ಮರ ನಿಂತ ಭಂಗಿಯಲ್ಲೇ ಜಾರಿ
ಹಳದಿ ಎಲೆ ಹೊತ್ತು ಎರಡು ದಿನ ನೀರಿನಲ್ಲಿತ್ತಂತೆ,
ದಾರಿ ಕೇಳಲು ನಿಂತವರ ಹಾಗೆ.

ಗೂಟವೂ ಹೋಗಿದೆ.
ಎಷ್ಟು ಸವೆಯಿತೆಂದು ಅಳೆಯಲು
ಸವೆಯದ್ದು ಒಂದಾದರೂ ಬೇಕು.
ಏಳರ ಎದುರು ಏನು ಬರೆಯಲಿ, ಸೊನ್ನೆಯೆ?
ಸೊನ್ನೆಗೂ ಕಾಲೂರಲು ನೆಲ ಬೇಕಲ್ಲ.

"ಹೊಸ ಗೂಟ ಎಲ್ಲಿ?" ಅಂದಳು.
ನಕ್ಷೆ ಬಿಡಿಸಿದೆ. ರಸ್ತೆಯಾಚೆ, ಶಾಲೆಯ ಅಡಿಪಾಯದ ಪಕ್ಕ.
ಅವಳು ನಕ್ಷೆ ನೋಡಲಿಲ್ಲ, ಶಾಲೆ ನೋಡಿದಳು,
ಆಮೇಲೆ ತಿರುಗಿ ನೀರು.
"ಅಂದರೆ ನನ್ನ ಮನೆ ಇನ್ನು ಲೆಕ್ಕದೊಳಗೆ."
ನಾನು ಸುತ್ತಿಗೆ ಎತ್ತಿದೆ. ಆರು ಪೆಟ್ಟು.

ಸೊನ್ನೆಯ ತುದಿ ಅವಳ ಕೈಗೆ ಕೊಟ್ಟು ಹೊರಟೆ.
ಸುತ್ತಿ ಹೋಗಲು ದಾರಿಯಿಲ್ಲ, ಅಳತೆ ನೇರ:
ರಸ್ತೆ ದಾಟಿ, ಮುಂಬಾಗಿಲು ಹೊಕ್ಕು,
ವಿಂಗಡಿಸದ ಕಾಗದಗಳಿದ್ದ ಮೇಜಿನ ಮೇಲೆ.
ಅವಳ ಗಂಡ ಸವ್ವಾತಿ ಮಾತಾಡದೆ
ಚಹಾದ ಲೋಟ ಎತ್ತಿ ಟೇಪಿಗೆ ಜಾಗ ಬಿಟ್ಟ.
ಹಿಂದಿನ ಕಿಟಕಿ, ಆಲೂಗಡ್ಡೆ, ಹುಲ್ಲು.
ಹೊಟ್ಟೆಯ ಮೇಲೆ ತೆವಳಿದೆ.

ಟೇಪು ತಂತಿಯಂತೆ ಬಿಗಿಯಿತು, ಮೊದಲ ಬಾರಿಗೆ,
ಗಾಳಿಗೆ ಗುಂಯ್‌ಗುಟ್ಟುವಷ್ಟು.
ಬಾಗಿಲು, ಮೇಜು, ಕಿಟಕಿ ದಾಟಿ ಅವಳ ಕೂಗು ಬಂತು:
"ಗೂಟದ ಮೇಲೇ ಹಿಡಿದಿದ್ದೀನಿ.
ಈ ಸಲ ಇದ್ದದ್ದನ್ನೇ ಓದು."