ಕಂಬ ದೂಡುವವ

ಭಾನುವಾರ ಮೊದಲ ಪೂಜೆ ಮುಗಿದದ್ದೇ
ಪಾದ್ರಿಗಳ ಕಣ್ಣು ತಪ್ಪಿಸಿ
ಹಂಪನಕಟ್ಟೆಯ ಹತ್ತೂವರೆ ಆಟಕ್ಕೆ ಓಟ.
ಜೆಪ್ಪುವಿನ ಹಂಚಿನ ಕಾರ್ಖಾನೆಯ ಹೆಂಗಸರು ಆರು,
ಮಾಂಯ್ ಸೆರಗು ಹಿಡಿದು ನಾನು.
ಗಾಂಧಿ ಕ್ಲಾಸು. ಮರದ ಬೆಂಚು. ತಿಗಣೆ.

ತೆರೆಯ ಮೇಲೆ ರೋಮ್.
ತುಟಿ ಆಡುವುದು ಇಟಲಿಯಲ್ಲಿ,
ಮಾತು ಬರುವುದು ಇಂಗ್ಲಿಷಿನಲ್ಲಿ, ಅದೂ ತುಸು ತಡವಾಗಿ,
ಅರ್ಥ ಮಾತ್ರ ತುಳುವಿನಲ್ಲಿ:
ಟಿಕೆಟ್ ಹರಿಯುವ ಐತಪ್ಪಣ್ಣ ಗೋಡೆಗೊರಗಿ ಕೂಗುತ್ತಿದ್ದ,
"ರಾಣಿಗ್ ಆಯನ ಮಿತ್ತ್ ಮನಸ್ಸ್!"

ಮನಸ್ಸಾಗದೆ ಏನು?
ಬಾಗಿಲು ಸಾಲದ ಎದೆ, ಮೊಣಕಾಲ ಮೇಲೆ ಚರ್ಮದ ಲಂಗ,
ಅಖಾಡದ ಬಿಸಿಲಿಗೆ ಫಳಫಳ ಮೈ.
ಬೆಂಚಿನಲ್ಲಿ ಲೆಕ್ಕ ಶುರು:
"ಕಾಲು ಸೇರು ಎಣ್ಣೆ ಬೇಕು ಆ ಬೆನ್ನಿಗೆ."
"ಅರ್ಧ. ಎದೆಯನ್ನು ಬಿಟ್ಟೆಯಾ?"
"ಕುಡ್ತೆಗೆ ಎಷ್ಟಾಗಿದೆ ಈಗ, ಗೊತ್ತುಂಟಾ?"
ವಿಧವೆ ನತಾಲಿಬಾಯಿ ಮಾತ್ರ ಲೆಕ್ಕ ಮಾಡದೆ
ಸುಮ್ಮನೆ ನೋಡುತ್ತಿದ್ದಳು.

ಮಾಂಯ್ ಮೋಸ ಹೋಗುವವಳಲ್ಲ.
ತಲೆಯ ಮೇಲೆ ಹನ್ನೆರಡು ಹಂಚು ಹೊತ್ತು
ಹಲಗೆ ದಾಟುವವಳು;
ಅವನು ಬಂಡೆ ಎತ್ತಿದರೆ
"ಭಾರ ಹೊತ್ತ ಕುತ್ತಿಗೆ ಹಾಗಿರುವುದಿಲ್ಲ" ಅಂದಳು.
"ಬಂಡೆ ಹತ್ತಿಯದ್ದು. ಸಿಂಹ ಮುದುಕ, ಪಾಪ, ಹಲ್ಲಿಲ್ಲ.
ಆ ಸೈನಿಕನ ಕೈಯಲ್ಲಿ ವಾಚು ನೋಡು."
ಆದರೂ ಮುಂದಿನ ವಾರ ಪೂಜೆಯ ನಡುವೆಯೇ
ಚಿಲ್ಲರೆ ಎಣಿಸುತ್ತಿದ್ದವಳು ಅವಳೇ.

ಯಾಕೆಂದರೆ ಕೊನೆಗೆ, ಯಾವ ಸಿನಿಮಾ ಆದರೂ ಕೊನೆಗೆ,
ದೊರೆಯ ಹೆಬ್ಬೆರಳು ಕೆಳಗಾಗುತ್ತದೆ,
ಸಂಕೋಲೆಯವನು ಎರಡು ಕಂಬಗಳ ನಡುವೆ ನಿಲ್ಲುತ್ತಾನೆ,
ದೂಡುತ್ತಾನೆ.
ಆಗ ಮಾಂಯ್ ಮಾತಾಡುತ್ತಿರಲಿಲ್ಲ.
ನನ್ನ ಮಣಿಕಟ್ಟು ಅವಳ ಮುಷ್ಟಿಯಲ್ಲಿ.
ರಾತ್ರಿಯವರೆಗೂ ಕೆಂಪು ಗೆರೆ.

ಒಂದು ಸೋಮವಾರ ರೈಟರು ದೇಜಪ್ಪ
ಒಂದೊಂದೇ ಹಂಚು ಬಡಿದು, ಕಿವಿಗೊಟ್ಟು,
ಹೆಬ್ಬೆರಳು ಕೆಳಗೆ ಮಾಡಿದರು:
ಒಡಕು. ಒಡಕು. ಇದೂ ಒಡಕು. ಕೂಲಿಯಲ್ಲಿ ಕಟ್.
ಮಾಂಯ್ ತಲೆಯ ಸಿಂಬಿ ತೆಗೆದಿಟ್ಟಳು.
ಶೆಡ್ಡಿನ ಜೋಡಿ ಕಂಬಗಳ ನಡುವೆ ನಿಂತು
ಕಾಲಗಲಿಸಿ, ಕೈ ಚಾಚಿ, ಕೆನ್ನೆ ಉಬ್ಬಿಸಿ
ದೂಡಿದಳು.
"ಬೂರುಂಡು! ಬೂರುಂಡು!" ಉಳಿದ ಐವರು
ಹೊಟ್ಟೆ ಹಿಡಿದುಕೊಂಡು ನಕ್ಕರು;
ನತಾಲಿಬಾಯಿ ಕೂಡ.

ಏನೂ ಬೀಳಲಿಲ್ಲ.
ಮಾಡಿನಿಂದ ಒಂದಿಷ್ಟು ಕೆಂಪು ಹುಡಿ ಉದುರಿತು, ಅಷ್ಟೆ.
ಆದರೆ ರೈಟರು
ತಲೆಯೆತ್ತಿ ಒಮ್ಮೆ ಮಾಡನ್ನು ನೋಡಿ
ಎರಡು ಹೆಜ್ಜೆ ಹಿಂದೆ ಸರಿದದ್ದನ್ನು
ಬುತ್ತಿ ತಂದಿದ್ದ ನಾನು
ಕಣ್ಣಾರೆ ಕಂಡಿದ್ದೇನೆ.