ಕಕ್ಕು

ಹದಿನಾರು ಪುಟದ ಮಕ್ಕಳ ಕತೆ. ತುಮಕೂರಿನಿಂದ ಪ್ರಕಾಶಕರ ಕಾರ್ಡು:
"ಬಣ್ಣಕ್ಕೆ ದುಡ್ಡಿಲ್ಲ, ಬೂದುಬಣ್ಣಕ್ಕೂ. ಕಪ್ಪೊಂದೇ."
ಐದನೇ ಚಿತ್ರ: ಅಮಾವಾಸ್ಯೆ,
ಮಧುಗಿರಿ ಬೆಟ್ಟದಿಂದ ಕರಡಿ ಇಳಿಯುತ್ತದೆ.

ರಾತ್ರಿ ಕಪ್ಪು. ಕರಡಿ ಕಪ್ಪು.
ಬಂಡೆಯೂ ಆ ಹೊತ್ತಿಗೆ ಕಪ್ಪೇ.
ಒಂದು ಕಪ್ಪಿನೊಳಗಿಂದ ಇನ್ನೊಂದನ್ನು
ಹೊರಗೆ ಕರೆಯುವುದು ಹೇಗೆ?

ಲಿನೋ ತುಂಡನ್ನು ಬಿಸಿಲಿಗಿಟ್ಟು ಮೆತ್ತಗೆ ಮಾಡಿಕೊಂಡೆ.
ಉಳಿ ಮುಟ್ಟಿದಲ್ಲಿ ಬಿಳಿ. ಮುಟ್ಟದಿದ್ದರೆ ರಾತ್ರಿ.
ಕರಡಿಯ ಕೂದಲು ಸಲೀಸು:
ಭುಜದಿಂದ ಬೆನ್ನಿಗೆ ಸರಸರ ಗೀರು,
ಹೊಟ್ಟೆಯ ಹತ್ತಿರ ವಿರಳ, ಮೂತಿಗೆ ಒಂದು ಬೋಳು ತೇಪೆ.
ಎದೆಯ ಮೇಲಿನ ಬಿಳಿ ಕೊಕ್ಕೆ
ಹುಟ್ಟುವಾಗಲೇ ಯಾರೋ ಕೆತ್ತಿ ಕಳಿಸಿದ್ದು.

ಬಂಡೆ ಮಾತ್ರ ಬಗ್ಗಲಿಲ್ಲ.
ಗೆರೆ ಎಳೆದರೆ ಉತ್ತ ಹೊಲ,
ಅಡ್ಡಗೆರೆ ಹಾಕಿದರೆ ಚಾಪೆ.
ಹಾಗೇ ಬಿಟ್ಟೆ. ಪ್ರೆಸ್ಸಿನ ಓಬಳೇಶ ನಕ್ಕ:
"ಎಮ್ಮೆ ಮಲಗೈತಲ್ಲಕ್ಕಾ."
ಮೂರು ತುಂಡು ಲಿನೋ ಹಾಳು.

ಆಗ ಬೀದಿಯಲ್ಲಿ ಸುಂಕ್ಲಮ್ಮನ ಕೂಗು:
"ಒಳ್ಕಲ್ಲಿಗೆ ಕಕ್ಕು ಹಾಕಿಸ್ತೀರೇನಮ್ಮೋ..."
ಮನೆಗೊಂದು ಮಿಕ್ಸಿಯ ಬೀದಿ. ಯಾರೂ ಕರೆಯಲಿಲ್ಲ.
ನಾನು ಕರೆದೆ. ಅತ್ತೆಯ ಒರಳಿತ್ತು,
ಹತ್ತು ವರ್ಷದಿಂದ ನೀರಿನ ಡ್ರಮ್ಮಿಗೆ ಒತ್ತು.

ಟಕ್ ಟಕ್. ಅವಳ ಚಾಣ ಅಂಚಿನಿಂದಲ್ಲ,
ನಡುವಿನಿಂದ ಹೊರಟು ಸುರುಳಿ ಸುತ್ತಿತು.
ಒಂದು ಚುಕ್ಕೆ ಇನ್ನೊಂದನ್ನು ಮುಟ್ಟಲಿಲ್ಲ,
ನಡುವಿನ ಜಾಗವೂ ಒಂದೇ ಅಳತೆಯದಲ್ಲ.
"ಒಂದೇ ಸಮ ಹೊಡೆದ್ರೆ ಹಿಟ್ಟು ಜಾರ್ತೈತೆ" ಅಂದಳು,
ಕಣ್ಣಿಗೆ ಸಿಡಿದ ಪುಡಿಯನ್ನು ಸೆರಗಿನಲ್ಲಿ ಒರೆಸುತ್ತ.

ಅವತ್ತು ರಾತ್ರಿ ಎರಡಾಯಿತು.
ಬೆಟ್ಟದ ನೆತ್ತಿಗೆ ಚುಕ್ಕೆ ದಟ್ಟ,
ಬುಡಕ್ಕೆ ಬರುತ್ತ ಬೆರಳೆಣಿಕೆ,
ಕರಡಿ ಕಾಲಿಟ್ಟಲ್ಲಿ ಒಂದೂ ಇಲ್ಲ.

ಮಸಿ ಸವರಿ, ಕಾಗದ ಹಾಸಿ,
ಸೌಟಿನ ಬೆನ್ನಲ್ಲಿ ಉಜ್ಜಿ ಎತ್ತಿದರೆ
ಬೆಟ್ಟ ತಿರುಗಿ ನಿಂತಿತ್ತು, ಎಡದ ಇಳಿಜಾರು ಬಲಕ್ಕೆ.
ಹುಟ್ಟಿದೂರಿನ ಬೆಟ್ಟವನ್ನೇ ಮಗುಚಿದಳು ಅಂತಾರೆ ಪೇಟೆಯವರು.
ಅನ್ನಲಿ.
ಕರಡಿ ಇಳಿಯುತ್ತಿತ್ತು.

ಮರುವಾರ ಸುಂಕ್ಲಮ್ಮನಿಗೆ ತೋರಿಸಿದೆ.
ಕರಡಿಯ ಕಡೆ ನೋಡಲೇ ಇಲ್ಲ.
ಬಂಡೆಯ ಮೇಲೆ ಹೆಬ್ಬೆರಳಾಡಿಸಿ
"ಕಣ್ಣಿಗೈತೆ, ಕೈಗಿಲ್ಲ" ಅಂದಳು.
ಆಮೇಲೆ ಹಾಳೆ ಮಗುಚಿ
ಏನೂ ಇಲ್ಲದ ಬಿಳಿ ಬೆನ್ನ ಮೇಲೆ
ಬೆರಳು ನಡೆಸುತ್ತ ಹೋಗಿ
ತಡೆದಳು.

"ಇಲ್ಲೈತೆ."