ಜೀವಂತ ಇರುವ ಬಗ್ಗೆ

ಹಾಸ್ಟೆಲಿನ ತೊಟ್ಟಿಗೆ ಬ್ಲೀಚಿಂಗ್ ಪುಡಿ ಸುರಿದು ಮೂರು ದಿನ.
ತಟ್ಟೆಯ ಮೇಲೆ ಏನೂ ಬೆಳೆದಿಲ್ಲ.
ನಲವತ್ತೆಂಟು ಗಂಟೆ ಬೆಚ್ಚಗಿಟ್ಟು, ಉಣ್ಣಲಿಟ್ಟು ಕಾದರೂ
ಒಂದು ಚುಕ್ಕೆ ಇಲ್ಲ.
ಸೊನ್ನೆ ಬರೆದರೆ ಮುಗಿಯಿತು,
ವಾರ್ಡನ್ ಎರಡು ಸಲ ಫೋನು ಮಾಡಿದ್ದಾಗಿದೆ.

ಆದರೂ ಒಂದು ಹನಿ ಉಳಿಸಿಕೊಂಡಿದ್ದೆ.
ಅದಕ್ಕೆ ಎರಡು ಬಣ್ಣ ಕುಡಿಸಿ
ಕಾಲುಗಂಟೆ ಕತ್ತಲಲ್ಲಿಟ್ಟೆ.

ಹಸಿರಿಗೆ ಎಲ್ಲ ಮನೆಯೂ ಒಂದೇ,
ಕದ ತಟ್ಟದೆ ಒಳಗೆ ನಡೆಯುತ್ತದೆ.
ಕೆಂಪು, ಗೋಡೆ ಬಿರಿದ ಮನೆಗೆ ಮಾತ್ರ ನುಗ್ಗಿ
ಅಲ್ಲಿದ್ದ ಹಸಿರನ್ನು ಹೊರದೂಡಿ ತಾನು ಕೂರುತ್ತದೆ.
ಕೆಂಪೆಂದರೆ ಇಲ್ಲಿ ಸತ್ತದ್ದು ಅಂತ
ದಿನಾ ಹಣೆಗೆ ಬೊಟ್ಟಿಡುವ ಅಮ್ಮನಿಗೆ
ಇನ್ನೂ ಹೇಳಲಿಕ್ಕಾಗಿಲ್ಲ.

ಗಂಗುಲಪ್ಪ ಬಾಗಿಲಲ್ಲಿ ನಿಂತಿದ್ದ.
ಮೂವತ್ತೊಂದು ವರ್ಷ ಇದೇ ಸಿಂಕಿನಲ್ಲಿ
ಆಸಿಡ್ಡು ಹಾಕಿ ಗಾಜು ತೊಳೆದವನು,
ನಿವೃತ್ತನಾಗಿ ಆರು ವರ್ಷ.
ನವೆಂಬರ್ ಬಂತಲ್ಲ, ಪಿಂಚಣಿಗೆ ಬದುಕಿರುವುದನ್ನು ತೋರಿಸಬೇಕು.
ಕೋಲಾರದ ಬಸ್‌ಸ್ಟ್ಯಾಂಡಿನ ಸೈಬರಿನಲ್ಲಿ
ಯಂತ್ರ ಅವನ ಹೆಬ್ಬೆಟ್ಟು ಒಪ್ಪಲಿಲ್ಲವಂತೆ.
ಒರೆಸಿ ಇಟ್ಟನಂತೆ, ಎಣ್ಣೆ ಹಚ್ಚಿ ಇಟ್ಟನಂತೆ, ಹತ್ತೂ ಬೆರಳು.
"ಗೆರೇನೇ ಇಲ್ಲ ತಾತ" ಅಂದನಂತೆ ಹುಡುಗ.
"ನಾನಿದೀನಿ ಅಂತ ನೀವೇ ಒಂದು ಲೆಟರ್ ಬರ್ಕೊಡಿ ಮೇಡಂ,
ಕಾಲೇಜಿನ ಸೀಲಾಕಿ."

ಕೂತಿರು ಅಂದೆ. ದೀಪ ಹತ್ತಿದೆ, ಬಿಟ್ಟು ಬರಲಾರೆ.

ಕಣ್ಣಿಟ್ಟರೆ ಮೊದಲು ಕೆಂಪು. ಬರೀ ಕೆಂಪು.
ರೇಟು ಬಿದ್ದ ದಿನ ಮಂಡಿಯ ಹಿಂದೆ ಸುರಿದ ಟೊಮೇಟೊ ಹಾಗೆ
ಅಂಚಿಂದ ಅಂಚಿಗೆ.
ತುಸು ಎಡಕ್ಕೆ ಸರಿಸಿದೆ.

ಹಸಿರು.
ಒಂದು. ಅದರಾಚೆ ಜೋಡಿ. ಮೂಲೆಯಲ್ಲಿ ಇನ್ನೊಂದು.
ಉಣ್ಣಲಿಟ್ಟರೆ ಉಣ್ಣಲಿಲ್ಲ, ಕರೆದರೆ ಓಗೊಡಲಿಲ್ಲ,
ಗೋಡೆ ಗಟ್ಟಿ ಹಿಡಿದು ಸುಮ್ಮನೆ ಕೂತಿವೆ.

ಹದಿನೇಳರ ತನಕ ಎಣಿಸಿದ್ದೆ, ಕರೆಂಟು ಹೋಯಿತು.

ಈ ದೀಪ ಆರಿದರೆ ತಣ್ಣಗಾಗುವ ತನಕ ಹಚ್ಚುವಂತಿಲ್ಲ,
ಅರ್ಧ ಗಂಟೆ.
ಕಿಟಕಿಯಲ್ಲಿ ಶತಶೃಂಗದ ಬಂಡೆಗಳೂ ಇಲ್ಲ.
ಸ್ಟೂಲು ಎಲ್ಲಿದೆಯೆಂದು ಗಂಗುಲಪ್ಪನಿಗೆ ಕತ್ತಲಲ್ಲೂ ಗೊತ್ತು,
ಎಳೆದುಕೊಂಡು ಕೂತ.
"ಇನ್ನೂ ಅವ್ವಾ ಮೇಡಂ, ಆ ಹುಳ?"
ಇವೆ ಅಂದೆ.
"ತಟ್ಟೇಲಿ ಬರ್ನಿಲ್ಲ ಅಂದ್ರಿ?"
ತಟ್ಟೇಲಿ ಬರಲ್ಲ. ಇವೆ.
ಅವನು ಮೆಲ್ಲಗೆ ನಕ್ಕ.
ಬೆರಳಿಗೆ ಬೆರಳು ಉಜ್ಜಿಕೊಳ್ಳುವ ಸದ್ದು,
ಕಾಗದದ ಮೇಲೆ ಕಾಗದ ಸರಿದಂತೆ.

ಮತ್ತೆ ದೀಪ ಹತ್ತಿದಾಗ ಎಂಟು ಗಂಟೆ.
ಮೊದಲ ನೋಟಕ್ಕೇ ಬಣ್ಣ ಬಾಡಿತ್ತು.
ಈ ಬೆಳಕು ಹಾಗೆ, ತೋರಿಸುತ್ತಲೇ ತಿನ್ನುತ್ತದೆ.
ಒಂದರಿಂದ ಎಣಿಸಿದೆ. ಹದಿನಾಲ್ಕೇ ಸಿಕ್ಕವು.
ನಮೂನೆಯಲ್ಲಿ ಎರಡೇ ಕಾಲಂ, ಇದೆ, ಇಲ್ಲ.
ನಡುವಿನ ಗೆರೆಯ ಮೇಲೆ ಬರೆದೆ:
ಬೆಳೆದಿಲ್ಲ, ಬದುಕಿವೆ. ಮಕ್ಕಳಿಗೆ ಈ ನೀರು ಸದ್ಯ ಬೇಡ.

ಆಮೇಲೆ ಇನ್ನೊಂದು ಹಾಳೆ.
ವಿಷಯ: ಶ್ರೀ ಗಂಗುಲಪ್ಪ ಬಿನ್ ಲೇಟ್ ಚೌಡಪ್ಪ ಇವರು
ಜೀವಂತ ಇರುವ ಬಗ್ಗೆ.
ಸಹಿ, ತಾರೀಕು, ಸೀಲು.
ಕೆಳಗೆ ಹೆಬ್ಬೆಟ್ಟೂ ಇರಲಿ ಅಂದ ಅವನು.
ಒಣಗಿದ ಪ್ಯಾಡಿಗೆ ನಲ್ಲಿಯಿಂದ ಎರಡು ಹನಿ ಬಿಟ್ಟುಕೊಂಡು
ಒತ್ತಿ ಹಿಡಿದ, ಎತ್ತಿದ.

ಒಂದು ನೀಲಿ ಬೊಟ್ಟು. ಒಳಗೆ ಗೆರೆಯಿಲ್ಲ.
ಅಂಚು ಎಲ್ಲೂ ಒಡೆದಿಲ್ಲ.